ಹಸಿದು ಹೊರಟವಳು

ಯಾರನ್ನೇ ಕಳಿಸು, ಹೊಟ್ಟೆಗೆ ಹಾಕಿ ಕಳಿಸು
ಎಂದು ಬೆಳೆಸಿದಳು ನನ್ನಮ್ಮ, ನೊಗಾಲೆಸ್‌ನ ಗಡಿಬೇಲಿಯ ಈಚೆಗೆ.
ಹಾವಿಗೆ ಮಾತ್ರ ಆ ಮಾತು ಸಲ್ಲದು.
ಹತ್ತು ದಿನದಿಂದ ಇವಳಿಗೆ ಇಲಿಮರಿ ಹಾಕಿಲ್ಲ.
ತುಂಬಿದ ಹೊಟ್ಟೆ ಆಕಾಶದಲ್ಲಿ ಮಗುಚುತ್ತದೆ,
ಮೇಲೆ ಬಂದದ್ದು ಗಂಟಲಲ್ಲೇ ನಿಲ್ಲುತ್ತದೆ.
ಗಾಜಿಗೆ ಮೂತಿಯಿಟ್ಟು ನನ್ನನ್ನೇ ನೋಡುತ್ತಾಳೆ.
ನೋಡಲಿ.

ಟೂಸಾನಿನಲ್ಲಿ ಫೆಬ್ರವರಿಗೂ ಅರ್ಧತೋಳಿನ ಅಂಗಿ.
ಡುಲೂತಿನಲ್ಲಿ ಸರೋವರ ಕಲ್ಲಾಗಿದೆಯಂತೆ,
ದಂಡೆಯ ಹತ್ತಿರ ಅದರ ಮೇಲೆ ಜೀಪು ಓಡಿಸುತ್ತಾರಂತೆ.
ಕಂಡಿರದ ಆ ಚಳಿಗಾಗಿ
ಇಲ್ಲಿ, ಅಡುಗೆಮನೆಯ ಮೇಜಿನ ಮೇಲೆ, ಬೆವರುತ್ತಾ
ಪೆಟ್ಟಿಗೆ ಕಟ್ಟುತ್ತಿದ್ದೇನೆ.

ದಿಂಬಿನ ಚೀಲವನ್ನು ಒಳಹೊರಗು ಮಾಡಿ
ಹೊಲಿಗೆಯುದ್ದಕ್ಕೂ ಬೆರಳಾಡಿಸುತ್ತೇನೆ.
ಬಿಟ್ಟುಹೋದ ಒಂದು ನೂಲೆಳೆ ಸಾಕು.
ಹಲ್ಲಿಯಾದರೆ ಕಾಲ್ಬೆರಳು ಹೋಗುತ್ತದೆ;
ಒಮ್ಮೆ ಹೋಗಿದೆ, ನನ್ನ ಕಣ್ತಪ್ಪಿಗೆ.
ಇವಳು ಸುರುಳಿ ಸುರುಳಿಯಾಗಿ ಒಳಗಿಳಿದಳು:
ಮುನ್ನೂರ ಹತ್ತು ಗ್ರಾಂ, ಹನ್ನೊಂದು ವರ್ಷ,
ಬೆನ್ನ ಮೇಲೆ ಇಟ್ಟಿಗೆಪುಡಿಯ ಮೂರು ಗೆರೆ.
ಬಾಯಿಗೆ ಗಂಟು, ಗಂಟಿನ ಮೇಲೆ ಗಂಟು.
ಸುತ್ತ ಥರ್ಮೋಕೋಲು, ಸಂದಿಗೆ ಹರಿದ ಪತ್ರಿಕೆ,
ಅಲುಗಾಡಬಾರದು, ಅಮುಕಲೂಬಾರದು.

ಬಿಸಿಚೀಲವನ್ನು ಮುಚ್ಚಳಕ್ಕೆ ಅಂಟಿಸಬೇಕು, ಮೈಗೆ ತಾಗದ ಹಾಗೆ.
ಮೊದಲ ವರ್ಷ, ಚಳಿ ಹೊಕ್ಕೀತೆಂದು
ತೂತುಗಳಿಗೆಲ್ಲ ಟೇಪು ಬಳಿದಿದ್ದೆ.
ಬಿಸಿಗೂ ಉಸಿರು ಬೇಕೆಂದು ಗೊತ್ತಿರಲಿಲ್ಲ.
ಅದು ಮೊದಲು ಸತ್ತಿತು.
ಆಮೇಲಿನದನ್ನು ಬಿಡಿ.
ಈಗ ಪೆನ್ಸಿಲಿನಿಂದ ನಾಲ್ಕು ತೂತು, ಎರಡೆರಡು ಸಲ ಎಣಿಸಿ.

ಮೇಲೆ ದಪ್ಪ ಅಕ್ಷರ: ಜೀವವಿದೆ. ವಿಷವಿಲ್ಲದ ಹಾವು. ಒಂದು.
ನಾಲ್ಕು ಕಾಸು ಉಳಿಸಲು ‘ಗಾಜಿನ ಸಾಮಾನು’ ಎಂದು ಬರೆಯುವವರಿದ್ದಾರೆ.
ಸುಳ್ಳು ಹೇಳುವ ಪೆಟ್ಟಿಗೆಯನ್ನು
ಯಾರು ತಾನೇ ಬೆಚ್ಚಗಿಟ್ಟಾರು?

ಮೊದಲ ಗುರುವಾರ ಕಾರ್ಗೋ ಕೌಂಟರಿನ ಥೇಡಿಯಸ್
ಪರದೆ ನೋಡಿ ತಲೆಯಾಡಿಸಿದ:
‘ಮಿನಿಯಾಪೊಲಿಸ್ ಮೈನಸ್ ಹನ್ನೊಂದು. ಆಗೋಲ್ಲ, ಎಲೋಯ್ಸಾ.’
ಪಕ್ಕದ ಸೀಟಿನಲ್ಲಿಟ್ಟು ಬೆಲ್ಟು ಹಾಕಿ ಮನೆಗೆ ತಂದೆ.
ಗಂಟು ಬಿಚ್ಚು, ನೀರಿಡು, ಮತ್ತೆ ಹಸಿವು.
ಎರಡನೆಯ ಗುರುವಾರ ಗಾಳಿ.
ಮೂರನೆಯದಕ್ಕೆ ಅವನು ತೂಗಿದ, ಸಹಿ ಹಾಕಿಸಿದ,
ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿಕೊಂಡ.
ಎರಡೂ ಕೈ. ಅದನ್ನು ಗಮನಿಸಿದೆ.

ರಾತ್ರಿ ಎರಡಕ್ಕೆ ತಿಳಿಯಿತು:
ಹಿಮ, ಮುಂದಿನ ವಿಮಾನ ರದ್ದು.
ಮಿನಿಯಾಪೊಲಿಸ್‌ಗೆ ಫೋನು ಹಚ್ಚಿದೆ. ಹೋದಾನ್ ಅಂತ ಯಾರೋ,
ಸೊಮಾಲಿ ಹುಡುಗಿ, ರಾತ್ರಿಪಾಳಿ.
‘ನನಗೆ ಹಾವೆಂದರೆ ಪ್ರಾಣಭಯ,’ ಎಂದಳು ಮೊದಲು.
ಆಮೇಲೆ: ‘ಗೋದಾಮು ತಣ್ಣಗಿದೆ.
ಇಲ್ಲಿ ಕಾಫಿ ಮಷೀನಿನ ಪಕ್ಕ ನನ್ನ ಮೇಜಿನ ಮೇಲಿಟ್ಟಿದ್ದೇನೆ.
ನಾನು ಬಾಗಿಲ ಹತ್ತಿರ ನಿಂತಿದ್ದೇನೆ.
ನನ್ನ ಕೋಟು ಸುತ್ತಿದ್ದೇನೆ, ತೂತು ಮುಚ್ಚದ ಹಾಗೆ.’

ಅವಳಿಗೆ ತೂತಿನ ಮಾತು ಯಾರು ಹೇಳಿಕೊಟ್ಟರು?

ಮರುದಿನ ಮಧ್ಯಾಹ್ನ ಆರ್ವಿಡ್‌ನ ಫೋನು.
ಅದಿರು ಹಡಗಿನಲ್ಲಿ ಮೂವತ್ತು ವರ್ಷ ಅಡುಗೆಯವನಾಗಿದ್ದ ಮುದುಕ.
ಟೇಪು ಸೀಳುವ ಸದ್ದು ಕೇಳಿಸಿತು. ಕಾಗದ ಸರಿಸುವ ಸದ್ದು.
‘ಗಂಟು ಬಿಗಿ.’
‘ಅವಸರ ಬೇಡ.’
ಆಮೇಲೆ ಏನೂ ಕೇಳಿಸಲಿಲ್ಲ. ಒಲೆಯ ಮೇಲಿನ ಹಾಲು
ಉಕ್ಕಿ ಹರಿದರೂ ನಾನು ಏಳಲಿಲ್ಲ.

‘ನಾಲಿಗೆ,’ ಎಂದ.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.
‘ಊಟಕ್ಕೇನು ಕೊಡಲಿ?’
‘ವಾರ ಏನೂ ಬೇಡ. ನೀರಿಡು. ಕತ್ತಲಿಡು.
ನೆಲ ನಿಂತಿದೆ ಎಂದು ಮೊದಲು ಅವಳಿಗೆ ನಂಬಿಕೆ ಬರಲಿ.’
‘ಅಷ್ಟು ದೂರದಿಂದ ಹಸಿದು ಬಂದವಳಿಗೆ…’
ಎಂದು ಶುರುಮಾಡಿ ನಿಲ್ಲಿಸಿದ.
ನನ್ನಮ್ಮನ ಪೈಕಿಯವನು.